ಶ್ರದ್ಧೆಯಿಲ್ಲದವರಿಗೆ ದಾರಿ ತೋರುವ ತಾಳ್ಮೆ

ಗ್ರಂಥವನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡಬಹುದು. ಮಂತ್ರವನ್ನು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಬಹುದು. ಆದರೆ ಶ್ರದ್ಧೆಯನ್ನು ಒಬ್ಬರು ಇನ್ನೊಬ್ಬರ ಎದೆಯೊಳಗೆ ಇಡಲಾರರು. ಅದು ಆಯಾ ಜೀವದಲ್ಲಿಯೇ ಮೊಳೆಯತಕ್ಕದ್ದು. ಹಾಗಾದರೆ ದೇವರನ್ನು ನಂಬದವನಿಗೆ ದಾರಿ ತೋರಬೇಕೆನ್ನುವ ಸದ್ಭಕ್ತನು ಮಾಡತಕ್ಕ ಕೆಲಸವೇನು? ಈ ಪ್ರಶ್ನೆ ಯಾವ ಒಂದು ಮತಕ್ಕೂ ಮೀಸಲಾದುದಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಸುಮಾರು ಒಂದು ನೂರಾ ತೊಂಬತ್ತು ವರುಷಗಳ ಹಿಂದೆ ಬಂದು ನೆಲಸಿದ ಕ್ರೈಸ್ತ ಬೋಧಕರು ಇದನ್ನು ಎದುರಿಸಿದರು. ಅವರು ಎಡವಿದ್ದೂ ಉಂಟು, ಕಲಿತದ್ದೂ ಉಂಟು. ಪರಮತದವರ ನಡೆಯನ್ನು ಮತ್ಸರವಿಲ್ಲದೆ ನೋಡಿ ಅದರಿಂದ ತಿಳಿವನ್ನು ಪಡೆಯುವದು ಶರಣರಿಗೆ ಹೊಸದಲ್ಲವಾದ್ದರಿಂದ ಆ ವಿಷಯವನ್ನು ಇಲ್ಲಿ ವಿಚಾರಿಸೋಣ.

ಮೊದಲು ಕ್ರೈಸ್ತರ ಶಾಸ್ತ್ರವು ಏನು ಹೇಳುವದೆಂಬುದನ್ನು ನೋಡಬೇಕು. ಯೇಸು ಹೇಳಿದ ದೃಷ್ಟಾಂತಗಳಲ್ಲಿ ಬಿತ್ತುವವನ ಕಥೆ ಪ್ರಸಿದ್ಧವಾದದ್ದು. ಒಂದೇ ಬೀಜವು ದಾರಿಯ ಮೇಲೂ ಕಲ್ಲುನೆಲದಲ್ಲಿಯೂ ಮುಳ್ಳಿನ ಪೊದೆಯಲ್ಲಿಯೂ ಹದವಾದ ಹೊಲದಲ್ಲಿಯೂ ಬೀಳುತ್ತದೆ. ಫಲ ಬರುವದು ಹದವಾದ ನೆಲದಲ್ಲಿ ಮಾತ್ರ. ಒಕ್ಕಲುತನ ಬಲ್ಲ ನಮ್ಮ ಕೃಷ್ಣಾತೀರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಜೋಳವನ್ನು ಬಿತ್ತಿದವನು ಮರುದಿನ ಮಣ್ಣು ಕೆದರಿ ಮೊಳಕೆ ಬಂದಿತೇ ಎಂದು ನೋಡಿದರೆ ಬೆಳೆಯೂ ಹೋಯಿತು, ಬೀಜವೂ ಹೋಯಿತು. ಪೌಲನೆಂಬ ಅವರ ಆಚಾರ್ಯನು ತನ್ನ ಶಿಷ್ಯನಾದ ತಿಮೊಥೆಯನಿಗೆ ಬರೆದ ಓಲೆಯಲ್ಲಿ, ದೇವರ ಸೇವಕನು ಜಗಳಗಂಟನಾಗಿರಬಾರದು, ಎದುರಾಡುವವರನ್ನು ಸೌಮ್ಯತೆಯಿಂದ ತಿದ್ದಬೇಕು, ಅವರ ಮನಸ್ಸನ್ನು ತಿರುಗಿಸುವದು ದೇವರ ಕೈಯಲ್ಲಿದೆ ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಬಿತ್ತುವದು ಮನುಷ್ಯನ ಪಾಲು, ಮೊಳೆಯಿಸುವದು ದೇವರ ಪಾಲು ಎಂಬುದೇ ಇದರ ತಾತ್ಪರ್ಯ.

ಶಾಸ್ತ್ರವು ಹೀಗಿದ್ದರೂ ಆಚರಣೆ ಸುಲಭವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಆ ಕಾಲಕ್ಕೆ ಹುಬ್ಬಳ್ಳಿಯ ಸುತ್ತಿನಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿ ಉದ್ಧಾರಕನೊಬ್ಬನ ಬರವನ್ನು ಕಾಯುತ್ತಿದ್ದ ಜನರು ಕೆಲವರು ಈ ಬೋಧಕರ ಬಳಿಗೆ ಬಂದರು. ಊರಿಗೆ ಊರೇ ತಮ್ಮ ಕಡೆಗೆ ತಿರುಗುವದೆಂದು ಬೋಧಕರು ಆಶೆಪಟ್ಟರು. ಹರ್ಮನ್ ಮೋಗ್ಲಿಂಗರ ಉತ್ಸಾಹದಿಂದ ಗದಗ-ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ, ಬರಲಿರುವ ಹೊಸ ಕ್ರೈಸ್ತರಿಗಾಗಿ ಒಂದು ವಸತಿಯ ಏರ್ಪಾಡೂ ನಡೆಯಿತು. ಆದರೆ ಎಣಿಸಿದಂತೆ ಜನರು ಬರಲಿಲ್ಲ. ಬಂದವರ ಮನದಲ್ಲಿದ್ದ ನಿರೀಕ್ಷೆಯೇ ಬೇರೆ, ಬೋಧಕರು ಅದರಲ್ಲಿ ಓದಿಕೊಂಡ ಅರ್ಥವೇ ಬೇರೆಯಾಗಿತ್ತು. ಎದುರಿನವನ ಅಂತರಂಗವನ್ನು ಅರಿಯುವ ಮೊದಲೇ ಫಲವನ್ನು ಎಣಿಸಿದರೆ ಆಗುವದು ಇಷ್ಟೇ.

ಇದೇ ಮೋಗ್ಲಿಂಗರು ಇನ್ನೊಂದು ಕೆಲಸವನ್ನೂ ಮಾಡಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ತರುವಾಯ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದ ಕನ್ನಡದ ಹಳೆಯ ಕೃತಿಗಳನ್ನು ಅಚ್ಚು ಹಾಕಿಸಿದರು. ಬಸವಪುರಾಣವನ್ನು ಒಬ್ಬ ಕ್ರೈಸ್ತ ಬೋಧಕನು ಅಚ್ಚಿಗೆ ತಂದದ್ದನ್ನು ಕೇಳಿ ಯಾರಿಗಾದರೂ ಆಶ್ಚರ್ಯವಾಗಬಹುದು. ಯಾರಿಗೆ ತನ್ನ ಮಾತನ್ನು ಹೇಳಬೇಕಾಗಿದೆಯೋ ಅವರು ಯಾವದನ್ನು ಪ್ರೀತಿಸುವರೆಂಬುದನ್ನು ತಾನು ಮೊದಲು ಅರಿಯಬೇಕೆಂಬುದೇ ಅದರ ಹಿಂದಿನ ವಿವೇಕವು. 1853ರಲ್ಲಿ ಈ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರುಷಗಳ ನಡುವೆ ಆ ಪುರುಷನು ತಾನು ಆಡುವ ಮಾತಿಗಿಂತ ಜನರು ಆಡುವ ಮಾತಿಗೆ ಎಷ್ಟು ಕಿವಿಗೊಟ್ಟಿರಬೇಕು! ಅವರ ಬೋಧೆಯನ್ನು ಒಪ್ಪದ ಲಕ್ಷಾವಧಿ ಕನ್ನಡಿಗರು ಅವರ ನಿಘಂಟನ್ನು ಇಂದಿಗೂ ಕೃತಜ್ಞತೆಯಿಂದ ತೆರೆಯುತ್ತಾರೆ.

ನಮ್ಮ ಶೇಡಬಾಳದಿಂದ ರೈಲುದಾರಿಯಲ್ಲಿ ಸಮೀಪವಿರುವ ಮಿರಜದಲ್ಲಿ ಇನ್ನೊಂದು ಬಗೆಯ ಉದಾಹರಣೆ ಇದೆ. ಅಮೇರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾಕ್ಟರ್ ವಿಲಿಯಮ್ ವಾನ್ಲೆಸ್ಸರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದರು. ಮರಾಠಿ ಸೀಮೆಯವರೂ ಕನ್ನಡ ಸೀಮೆಯವರೂ, ಜೈನರೂ ಲಿಂಗವಂತರೂ ಮುಸಲ್ಮಾನರೂ ಅಲ್ಲಿ ಚಿಕಿತ್ಸೆ ಪಡೆದರು. ಅವರಲ್ಲಿ ಬಹುತೇಕರು ಹೋದ ಮತದಲ್ಲಿಯೇ ಮರಳಿ ಬಂದರು. ಇಲ್ಲಿ ಒಂದು ಸೂಕ್ಷ್ಮವುಂಟು. ಉಪಕಾರಕ್ಕೆ ನಂಬುಗೆಯನ್ನು ಬೆಲೆಯಾಗಿ ಕೇಳಿದರೆ ಅದು ವ್ಯಾಪಾರವಾಗುವದು. ಬಂದ ನಂಬುಗೆಯೂ ಹೊಟ್ಟೆಯದಾಗುವದೇ ಹೊರತು ಹೃದಯದ್ದಾಗದು. ಹಸಿವಿನಿಂದ ಬಂದವನು ಯಾರು, ಅರಿವಿನಿಂದ ಬಂದವನು ಯಾರು ಎಂಬ ಸಂದೇಹವು ಮಿಶನ್ನಿನವರನ್ನೂ ಕಾಡದೆ ಬಿಡಲಿಲ್ಲ. ಆದಕಾರಣ ಫಲಾಪೇಕ್ಷೆಯಿಲ್ಲದ ಸೇವೆಯೇ ನಿಜವಾದ ಸಾಕ್ಷಿ.

ಈ ಎಲ್ಲ ಗುಣಗಳೂ ಒಂದೆಡೆ ಕೂಡಿದ್ದನ್ನು ನೋಡಬೇಕಾದರೆ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರು ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದರು. 1962ರಲ್ಲಿ ದೇಹವಿಡುವವರೆಗೆ ಕ್ರಿಸ್ತನ ನಿಷ್ಠಾವಂತ ಭಕ್ತರಾಗಿಯೇ ಉಳಿದರು. ಹಳ್ಳಿಹಳ್ಳಿಗಳನ್ನು ತಿರುಗಿ, ಓಲೆಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ ಬರೆದುಕೊಂಡು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಮೋಳಿಗೆಯ ಮಾರಯ್ಯನ ಮತ್ತು ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ಅನುಭವ ಮಂಟಪವು ಬರಿಯ ಕಲ್ಪನೆಯೆಂದು ಕೆಲವರು ಆಕ್ಷೇಪಿಸಿದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಗ್ರಂಥ ಬರೆದವರಲ್ಲಿ ಈ ಪಾದ್ರಿಯೂ ಒಬ್ಬರು. 1949ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು.

ಉತ್ತಂಗಿಯವರು ಎಷ್ಟು ಜನರನ್ನು ತಮ್ಮ ಮತಕ್ಕೆ ತಂದರೆಂದು ಎಣಿಸಹೊರಟರೆ ಅವರ ಯೋಗ್ಯತೆ ತಿಳಿಯದು. ಅವರನ್ನು ಬಲ್ಲ ಲಿಂಗವಂತರಿಗೆ ಕ್ರೈಸ್ತ ಭಕ್ತಿಯೆಂದರೆ ಏನೆಂಬುದು ಗ್ರಂಥವಿಲ್ಲದೆ ಗೊತ್ತಾಯಿತು. ಅವರಿಂದಲೇ ನಮ್ಮವರು ಅನೇಕರು ತಮ್ಮ ಶರಣರನ್ನು ಹೊಸದಾಗಿ ಓದಿದರು. ತನ್ನ ನಿಷ್ಠೆಯನ್ನು ಬಿಡದೆ ಇನ್ನೊಬ್ಬರ ನಿಷ್ಠೆಯನ್ನು ಗೌರವಿಸಿದವನ ಮಾತಿಗೆ ಬರುವ ತೂಕವು ವಾದದಲ್ಲಿ ಗೆದ್ದವನ ಮಾತಿಗೆ ಬಾರದು. ಅವರು ಸಂಪಾದಿಸಿದ ಸಿದ್ಧರಾಮನ ಜೀವನದಲ್ಲಿಯೂ ಇದೇ ತತ್ತ್ವವಿದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಆ ಯೋಗಿಯನ್ನು ಅಲ್ಲಮಪ್ರಭುವು ಕಲ್ಯಾಣಕ್ಕೆ ಕರೆತಂದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ವಾಚಕರು ಓದಿಯೇ ಇರುವರು. ಅಲ್ಲಿ ಸಿದ್ಧರಾಮನ ಸಂದೇಹಗಳನ್ನು ಯಾರೂ ಅದುಮಲಿಲ್ಲ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಹೀಗೆ ಸಂವಾದವು ನಡೆದು, ಅವನ ಒಳಗಣ್ಣು ತೆರೆದ ಬಳಿಕವೇ ಚೆನ್ನಬಸವಣ್ಣನಿಂದ ದೀಕ್ಷೆಯಾಯಿತು.

ಈ ವಿಚಾರದಿಂದ ನಾವು ಮೂರು ಅಂಶಗಳನ್ನು ಗ್ರಹಿಸಬೇಕು. ಒಂದು, ದಾರಿ ತೋರುವವನು ಮೊದಲು ಕೇಳುವವನಾಗಬೇಕು. ಎರಡು, ಅವನ ನಡೆಯು ಅವನ ನುಡಿಗಿಂತ ಮುಂದೆ ಹೋಗಿರಬೇಕು. ಮೂರು, ಒಪ್ಪುವ ಮತ್ತು ಒಪ್ಪದಿರುವ ಸ್ವಾತಂತ್ರ್ಯವನ್ನು ಎದುರಿನವನಿಗೇ ಬಿಡಬೇಕು. ಇಷ್ಟಾಗಿ, ತಾಳ್ಮೆಯೆಂದರೆ ಔದಾಸೀನ್ಯವೆಂದು ಯಾರೂ ತಿಳಿಯಬಾರದು. ಕೇಳಿದಾಗಲೂ ಬಾಯಿ ಬಿಡದವನು ತಾಳ್ಮೆಯುಳ್ಳವನಲ್ಲ, ಸೋಮಾರಿ. ಬಿತ್ತದವನು ಕಾಯುವದರಿಂದ ಏನು ಬಂದೀತು?

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ನಂಬದವನನ್ನು ಹುಡುಕಿಕೊಂಡು ಇಂದು ಯಾರೂ ದೂರ ಹೋಗಬೇಕಾಗಿಲ್ಲ. ಪಟ್ಟಣದಲ್ಲಿ ಓದಿ ಬಂದ ಮಗನು, ಈ ಲಿಂಗಪೂಜೆಯಿಂದ ಆಗುವದೇನು ಎಂದು ಪಡಸಾಲೆಯಲ್ಲಿ ನಿಂತು ಕೇಳುತ್ತಾನೆ. ತಂದೆಯು ಸಿಟ್ಟಿಗೆದ್ದು, ಮನೆಯಲ್ಲಿರಬೇಕಾದರೆ ಲಿಂಗ ಕಟ್ಟಿಕೋ, ಇಲ್ಲವಾದರೆ ಹೊರಗೆ ನಡೆ ಎನ್ನುತ್ತಾನೆ. ಮಗನು ಅಂಜಿ ಕಟ್ಟಿಕೊಂಡರೆ ಅದು ಕೊರಳಲ್ಲಿರುವದು, ಮನದಲ್ಲಿರದು; ಊರು ಬಿಟ್ಟ ದಿನವೇ ಅದು ಪೆಟ್ಟಿಗೆಯನ್ನು ಸೇರುವದು. ಅಂಜದೆ ಹೊರಟರೆ ಮಗನೇ ಹೋದಂತಾಯಿತು. ಎರಡರಲ್ಲಿ ಯಾವದು ನಡೆದರೂ ಧರ್ಮಕ್ಕೆ ಬಂದ ಲಾಭವಿಲ್ಲ.

ಅದಕ್ಕಿಂತ, ಬಾ, ಕೂಡು, ನಿನ್ನ ಸಂದೇಹವೇನು ಹೇಳು ಎಂದು ಕೇಳುವ ತಂದೆಯು ಮಗನ ಗುರುವಾಗಬಲ್ಲನು. ಉತ್ತರ ತಿಳಿದಿದ್ದರೆ ಹೇಳಬೇಕು, ತಿಳಿಯದಿದ್ದರೆ ಮಠದಲ್ಲಿ ಕೇಳಿ ಹೇಳುವೆನೆನ್ನಬೇಕು, ಅದರಲ್ಲಿ ಅವಮಾನವಿಲ್ಲ. ಮಗನು ಕೂಡಲಿ, ಕೂಡದಿರಲಿ, ತನ್ನ ನಿತ್ಯಪೂಜೆಯನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು. ಪೂಜೆ ಮುಗಿಸಿ ಎದ್ದು ಹೊಲದಾಳಿನ ಮೇಲೆ ಬೈಗುಳ ಸುರಿಸುವವನ ಪೂಜೆಯನ್ನು ಮಗನು ನೋಡುತ್ತಲೇ ಇರುತ್ತಾನೆ. ತೂಕದಲ್ಲಿ ಮೋಸ ಮಾಡುವವನ ವಿಭೂತಿಯನ್ನೂ ನೋಡುತ್ತಾನೆ. ಬಹಳ ಸಲ ಅವನು ತೊರೆದದ್ದು ದೇವರನ್ನಲ್ಲ, ನಮ್ಮ ನಡೆಯನ್ನು.

ಯೇಸುವಿನ ಇನ್ನೊಂದು ದೃಷ್ಟಾಂತದಲ್ಲಿ, ಪಾಲು ತೆಗೆದುಕೊಂಡು ದೂರ ದೇಶಕ್ಕೆ ಹೋಗಿ ಎಲ್ಲವನ್ನೂ ಕಳೆದುಕೊಂಡ ಮಗನೊಬ್ಬನ ಕಥೆ ಬರುತ್ತದೆ. ತಂದೆಯು ಅವನನ್ನು ಹಿಡಿದು ತರಲು ಆಳುಗಳನ್ನು ಅಟ್ಟಲಿಲ್ಲ. ಆದರೆ ಮಗನು ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿಹೋಗಿ ತಬ್ಬಿಕೊಂಡನು. ಅಷ್ಟು ದೂರದಿಂದ ಕಾಣಬೇಕಾದರೆ ಅವನ ಕಣ್ಣು ದಿನಾಲು ದಾರಿಯ ಮೇಲೆಯೇ ಇದ್ದಿರಬೇಕು. ಗೃಹಸ್ಥರಾದ ನಾವು ಕಲಿಯತಕ್ಕ ತಾಳ್ಮೆಯು ಇಂತಹದು. ದೀಪಕ್ಕೆ ಎಣ್ಣೆ ಹಾಕಿ, ಕದ ತೆರೆದಿಟ್ಟು, ದಾರಿಯನ್ನು ನೋಡುತ್ತಿರುವದು ನಮ್ಮ ಪಾಲಿನ ಕಾಯಕ. ಬರುವ ಹೊತ್ತನ್ನು ಬರುವವನಿಗೂ ದೇವರಿಗೂ ಬಿಡೋಣ.