ಡಬ್ಬಿ ಹಾಗೇ ವಾಪಸ್ ಬಂದರೆ

ಎರಡನೇ ಕ್ಲಾಸಿನ ಮಗಳು ಊಟದ ಡಬ್ಬಿಯನ್ನು ಮುಟ್ಟದೇ ತರುತ್ತಾಳೆ, ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದೆಲ್ಲ ದಂಡ ಎಂದು ಬರೆದಿದ್ದೀರಿ. ಅವಳನ್ನು ಗದರುವ ಮೊದಲು ಆ ಡಬ್ಬಿಯನ್ನು ಅವಳ ಕೈಗೇ ಕೊಟ್ಟು ತೆಗೆಯಲು ಹೇಳಿ, ಸುಮ್ಮನೆ ನೋಡುತ್ತಿರಿ. ಬಿಸಿ ಅನ್ನ ತುಂಬಿ ತಕ್ಷಣ ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಹಬೆ ತಣಿದಂತೆ ಒತ್ತಡ ಇಳಿದು ಮುಚ್ಚಳ ಕಚ್ಚಿಕೊಳ್ಳುತ್ತದೆ. ದೊಡ್ಡವರೇ ಚಮಚದ ತುದಿಯಿಂದ ಮೀಟಬೇಕಾಗುತ್ತದೆ, ಏಳು ವರ್ಷದ ಬೆರಳಿಗೆ ಹೇಗಾದೀತು? ಮಿಸ್ಸನ್ನು ಕೇಳಲು ನಾಚಿ ಹಸಿದೇ ಕೂರುವ ಮಕ್ಕಳಿದ್ದಾರೆ. ಹಬೆ ಆರಿಸಿ ಮುಚ್ಚಿ. ಅಳತೆಯನ್ನೂ ಇಳಿಸಿ. ದೋಸೆಯನ್ನು ಸುರುಳಿ ಸುತ್ತಿ ತುತ್ತಿನಷ್ಟು ಕತ್ತರಿಸಿಟ್ಟರೆ ಆಟದ ಗಡಿಬಿಡಿಯಲ್ಲೂ ಹೊಟ್ಟೆಗಿಳಿಯುತ್ತದೆ.

ಇನ್ನು ಐದಕ್ಕೆ ಏಳುವ ವಿಚಾರ. ಪುಳಿಯೋಗರೆ ಗೊಜ್ಜನ್ನು ಭಾನುವಾರ ಮಾಡಿ ಫ್ರಿಜ್ಜಿನಲ್ಲಿಟ್ಟರೆ ವಾರದಲ್ಲಿ ಎರಡು ಬೆಳಗು ಸಲೀಸು. ಕುಕ್ಕರ್ ಕೂಗಿದರೆ ಆಯಿತು. ಆದರೆ ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಡಬ್ಬಿಗೆ ಕಲಸಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಂದರೂ ಉಳಿಯಬಲ್ಲವು. ಹೊರಗಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕ ಅನ್ನ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ.

ನೀರಿನ ಬಾಟಲಿ ತುಂಬಿಸುವುದು, ಬ್ಯಾಗಿಗೆ ಡೈರಿ ಹಾಕುವುದು, ಸಾಕ್ಸ್ ಹುಡುಕುವುದು ಮಗಳ ಅಪ್ಪನ ಪಾಲಿಗಿರಲಿ. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ, ಅದಕ್ಕೇ ಹೇಳಿದೆ.