ಸಮಾನವೋ, ಸದೃಶವೋ, ಜೋಡಿಯೋ?

ಗದಗ ಮತ್ತು ಬೆಟಗೇರಿಗಳನ್ನು ಅವಳಿ ನಗರಗಳೆಂದು ಕರೆಯುವುದು ರೂಢಿ. ಆದರೆ ಅವಳಿ ಮಕ್ಕಳಂತೆ ಇವು ಒಂದನ್ನೊಂದು ಹೋಲುವುವೇ? ಗದಗ ಹತ್ತಿಯ ವ್ಯಾಪಾರಕ್ಕೂ ಮುದ್ರಣಕ್ಕೂ ಹೆಸರಾದ ಊರು. ಬೆಟಗೇರಿ ನೇಕಾರರ ಊರು. ಇವು ಅವಳಿಗಳಾದುದು ಹೋಲಿಕೆಯಿಂದಲ್ಲ. ಒಂದಕ್ಕೊಂದು ತಾಗಿ ಒಂದೇ ನಗರಸಭೆಯ ಆಡಳಿತಕ್ಕೆ ಒಳಪಟ್ಟಿರುವುದರಿಂದ. ಹೀಗೆ ‘ಅವಳಿ’ ಎಂಬ ಒಂದೇ ಶಬ್ದದಲ್ಲಿ ಎರಡು ಭಾವನೆಗಳು ಬೆರೆತಿವೆ. ಒಂದು, ಹೋಲುವಿಕೆ, ಇನ್ನೊಂದು, ಕೂಡಿರುವಿಕೆ. ಇಂಗ್ಲಿಷಿನ ‘ಟ್ವಿನ್’ ಶಬ್ದದ ಸ್ಥಿತಿಯೂ ಇದೇ.

ನಿತ್ಯದ ಮಾತಿನಲ್ಲಿ ಈ ಬೆರಕೆಯಿಂದ ಹಾನಿಯಿಲ್ಲ. ವಿಜ್ಞಾನದಲ್ಲಿ ಹಾಗಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕನ್ನಡ ಶಾಲೆಗಳಲ್ಲಿ ಓದಿ, ಕಾಲೇಜಿನಲ್ಲಿ ಮೊದಲ ಸಲ ಇಂಗ್ಲಿಷಿನ ಮೂಲಕ ಭೌತಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗೆ ‘ಸೇಮ್’, ‘ಐಡೆಂಟಿಕಲ್’, ‘ಈಕ್ವಲ್’, ‘ಸಿಮಿಲರ್’, ‘ಪೇರ್’, ‘ಕಪಲ್’ ಎಂಬ ಶಬ್ದಗಳೆಲ್ಲ ಒಂದೇ ಅರ್ಥದವಾಗಿ ತೋರುವುದು ಸಹಜ. ಲೆಕ್ಕ ಬರುತ್ತಿದ್ದರೂ ಪ್ರಶ್ನೆಯ ಅರ್ಥ ತಪ್ಪುವುದರಿಂದ ಉತ್ತರ ಕೆಡುತ್ತದೆ. ಕೊನೆಗೆ ವಿಜ್ಞಾನವೇ ತನ್ನ ಬುದ್ಧಿಗೆ ನಿಲುಕದೆಂದು ಅಂಥವರು ನಂಬಿಬಿಡುವುದೂ ಉಂಟು. ಆದುದರಿಂದ ಈ ಶಬ್ದಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ‘ಸೇಮ್’. ಇದು ನಮ್ಮ ‘ಸಮ’ ಶಬ್ದದ ದೂರದ ನಂಟ. ಸಂಸ್ಕೃತದ ‘ಸಮ’, ಇಂಗ್ಲಿಷಿನ ‘ಸೇಮ್’ ಇವೆರಡೂ ಒಂದೇ ಪ್ರಾಚೀನ ಧಾತುವಿನಿಂದ ಹುಟ್ಟಿದವು. ಆದರೆ ನಂಟರಿಬ್ಬರ ಅರ್ಥಗಳು ಇಂದು ಬೇರೆಯಾಗಿವೆ. ‘ಸಮ’ವೆನ್ನಲು ಎರಡು ವಸ್ತುಗಳು ಬೇಕು, ‘ಸೇಮ್’ ಎಂಬುದರ ಕಟ್ಟುನಿಟ್ಟಾದ ಅರ್ಥ ‘ಅದೇ’ ಎಂದು. ಕನ್ನಡದ ತಿರುಳಿನ ನಾಡುಗಳಲ್ಲಿ ಒಂದೆಂದು ೯ನೆಯ ಶತಮಾನದ ಕವಿರಾಜಮಾರ್ಗವು ಹೆಸರಿಸುವ ಪುಲಿಗೆರೆಯೂ ಇಂದಿನ ಲಕ್ಷ್ಮೇಶ್ವರವೂ ಎರಡು ಊರುಗಳಲ್ಲ. ಹೆಸರು ಎರಡು, ಊರು ಒಂದೇ. ಇದು ‘ಸೇಮ್’.

‘ಐಡೆಂಟಿಕಲ್’ ಎಂದಾಗ ವಸ್ತುಗಳು ಎರಡಿರಬಹುದು. ಆದರೆ ಯಾವ ಗುಣದಿಂದಲೂ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಲಾಗದು. ಎರಡು ಎಲೆಕ್ಟ್ರಾನುಗಳು ಹೀಗಿವೆ. ಇದು ಬರಿಯ ಶಬ್ದದ ವಿಚಾರವಲ್ಲ. ಎರಡು ಕಣಗಳನ್ನು ಎರಡು ಪೆಟ್ಟಿಗೆಗಳಲ್ಲಿ ಎಷ್ಟು ಬಗೆಯಾಗಿ ಇಡಬಹುದು? ಗುರುತಿಸಬಲ್ಲ ಕಣಗಳಾದರೆ ನಾಲ್ಕು ಬಗೆ: ಎರಡೂ ಮೊದಲನೆಯದರಲ್ಲಿ, ಎರಡೂ ಎರಡನೆಯದರಲ್ಲಿ, ಮತ್ತು ಒಂದೊಂದರಲ್ಲಿ ಒಂದೊಂದು ಇರುವ ಎರಡು ಬಗೆಗಳು. ಗುರುತಿಸಲಾಗದ ಕಣಗಳಾದರೆ ಕೊನೆಯ ಎರಡು ಬಗೆಗಳಿಗೆ ಭೇದವೇ ಇಲ್ಲ, ಉಳಿಯುವುದು ಮೂರೇ. ೧೯೨೪ರಲ್ಲಿ ಢಾಕಾದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಈ ಎರಡನೆಯ ರೀತಿಯಲ್ಲಿ ಎಣಿಸಿ, ಪ್ಲಾಂಕನ ವಿಕಿರಣ ನಿಯಮವನ್ನು ಹೊಸದಾಗಿ ಸಾಧಿಸಿ ತೋರಿಸಿದರು. ನಾಲ್ಕಕ್ಕೂ ಮೂರಕ್ಕೂ ಇರುವ ಈ ಅಂತರದಲ್ಲಿ ಒಂದು ಹೊಸ ಶಾಸ್ತ್ರವೇ ಅಡಗಿತ್ತು.

‘ಈಕ್ವಲ್’ ಎಂಬುದು ಅಳತೆಯ ಶಬ್ದ. ಗದಗಿನ ಪೇಟೆಯ ಒಂದು ಕಿಲೋಗ್ರಾಂ ಹತ್ತಿಯೂ ಒಂದು ಕಿಲೋಗ್ರಾಂ ಕಬ್ಬಿಣವೂ ದ್ರವ್ಯರಾಶಿಯಲ್ಲಿ ಸಮಾನ. ಗಾತ್ರದಲ್ಲಿ ಅಲ್ಲ, ಗುಣದಲ್ಲಂತೂ ಅಲ್ಲವೇ ಅಲ್ಲ. ಆದುದರಿಂದ ‘ಈಕ್ವಲ್’ ಎಂಬ ಶಬ್ದ ಕಂಡೊಡನೆ ‘ಯಾವುದರಲ್ಲಿ?’ ಎಂದು ಕೇಳಬೇಕು.

‘ಸಿಮಿಲರ್’ ಎಂದರೆ ಸದೃಶ. ಆಕಾರ ಒಂದೇ, ಅಳತೆ ಬೇರೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳನ್ನು ನೋಡಿದವರು ಈ ಮಾತನ್ನು ಚೆನ್ನಾಗಿ ಗ್ರಹಿಸಬಲ್ಲರು. ಒಂದೇ ಆಕಾರದ ಎರಡು ಯಂತ್ರಗಳಲ್ಲಿ ಒಂದರ ಎಲ್ಲ ಅಳತೆಗಳೂ ಇನ್ನೊಂದರ ಎರಡರಷ್ಟು ಇವೆಯೆಂದು ಭಾವಿಸಿರಿ. ರೆಕ್ಕೆಗಳು ಸುತ್ತುವ ವೃತ್ತದ ವಿಸ್ತೀರ್ಣ ಆಗ ನಾಲ್ಕರಷ್ಟಾಗುತ್ತದೆ. ಅದೇ ಗಾಳಿಯಲ್ಲಿ ದೊರೆಯಬಲ್ಲ ಸಾಮರ್ಥ್ಯವೂ ನಾಲ್ಕರಷ್ಟು. ಆದರೆ ಗಾತ್ರವೂ ಅದರೊಡನೆ ತೂಕವೂ ಎಂಟರಷ್ಟಾಗುತ್ತವೆ. ಸದೃಶವಾದವುಗಳೆಲ್ಲ ಸಮಬಲವುಳ್ಳವಲ್ಲ ಎಂಬ ಈ ತತ್ತ್ವವನ್ನು ಗೆಲಿಲಿಯೋ ೧೬೩೮ರಲ್ಲೇ ಪ್ರಾಣಿಗಳ ಎಲುಬುಗಳ ನಿದರ್ಶನದಿಂದ ವಿವರಿಸಿದ್ದನು.

ಇಷ್ಟು ಹೋಲುವಿಕೆಯ ಮಾತಾಯಿತು. ಇನ್ನು ಕೂಡಿರುವಿಕೆಯ ಶಬ್ದಗಳು. ‘ಪೇರ್’ ಎಂಬುದು ‘ಸಮಾನ’ವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೂ, ‘ಕಪಲ್’ ಎಂಬುದು ‘ಬಂಧನ’, ‘ಕೊಂಡಿ’ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೂ ಬಂದವು. ಆದರೆ ಜೋಡಿಯಾಗಲು ಪೂರ್ಣ ಹೋಲಿಕೆ ಬೇಕಾಗಿಲ್ಲ. ನಮ್ಮ ಭಾಗದಲ್ಲಿ ಕಾಲಿನ ಪಾದರಕ್ಷೆಗಳಿಗೆ ‘ಜೋಡು’ ಎಂದೇ ಹೆಸರಲ್ಲವೇ? ಎರಡೂ ಎಡಗಾಲಿನವೇ ಆದರೆ ಅವು ಜೋಡಾಗವು. ಬೆಟಗೇರಿಯ ಮಗ್ಗದಲ್ಲಿ ಹಾಸೂ ಹೊಕ್ಕೂ ಒಂದರ ದಿಕ್ಕಿಗೆ ಇನ್ನೊಂದು ಅಡ್ಡವಾಗಿರುವುದರಿಂದಲೇ ಬಟ್ಟೆಯಾಗುತ್ತದೆ.

ಈಗ ವಿದ್ಯಾರ್ಥಿಗಳನ್ನು ಅತಿಯಾಗಿ ಕಾಡುವ ಮಾತಿಗೆ ಬರೋಣ. ಪಠ್ಯಪುಸ್ತಕಗಳಲ್ಲಿ ‘ಸಮಾನ ಮತ್ತು ವಿರುದ್ಧವಾದ ಎರಡು ಬಲಗಳು’ ಎಂಬ ವಾಕ್ಯ ಮೂರು ಬೇರೆ ಸಂದರ್ಭಗಳಲ್ಲಿ ಬರುತ್ತದೆ.

ಒಂದು: ಎರಡು ಬಲಗಳೂ ಒಂದೇ ವಸ್ತುವಿನ ಮೇಲೆ, ಒಂದೇ ರೇಖೆಯಲ್ಲಿ ವರ್ತಿಸುತ್ತವೆ. ಆಗ ಸಮತೋಲ. ಮೇಜಿನ ಮೇಲಿನ ಪುಸ್ತಕವನ್ನು ಭೂಮಿ ಕೆಳಕ್ಕೆ ಸೆಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ, ಪುಸ್ತಕ ಅಲುಗದು.

ಎರಡು: ಬಲಗಳು ಒಂದೇ ವಸ್ತುವಿನ ಮೇಲಿದ್ದರೂ ಅವುಗಳ ರೇಖೆಗಳು ಬೇರೆ, ಸಮಾಂತರ. ಬಸ್ಸಿನ ಚಾಲಕನು ಚಕ್ರವನ್ನು ಒಂದು ಕೈಯಿಂದ ಮೇಲಕ್ಕೂ ಇನ್ನೊಂದರಿಂದ ಕೆಳಕ್ಕೂ ತಿರುಗಿಸುವಂತೆ. ಇದೇ ‘ಕಪಲ್’, ಎಂದರೆ ಬಲಯುಗ್ಮ. ಬಲಗಳ ಮೊತ್ತ ಸೊನ್ನೆ. ಆದರೂ ವಸ್ತು ತಿರುಗುತ್ತದೆ.

ಮೂರು: ಬಲಗಳು ಎರಡು ಬೇರೆ ವಸ್ತುಗಳ ಮೇಲೆ ವರ್ತಿಸುತ್ತವೆ. ನ್ಯೂಟನ್ನನು ೧೬೮೭ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದ ‘ಪೇರ್’ ಇದು. ಕ್ರಿಯೆ ಮತ್ತು ಪ್ರತಿಕ್ರಿಯೆ. ಇವು ಒಂದನ್ನೊಂದು ರದ್ದುಪಡಿಸಲಾರವು, ಏಕೆಂದರೆ ಇವು ಒಂದೇ ವಸ್ತುವಿನ ಮೇಲೆ ಇಲ್ಲ.

ಹಾಗಾದರೆ ಪುಸ್ತಕದ ತೂಕ ಮತ್ತು ಮೇಜಿನ ಒತ್ತು, ಇವು ಕ್ರಿಯೆ-ಪ್ರತಿಕ್ರಿಯೆಗಳ ಜೋಡಿಯೇ? ಅನೇಕರು ಹೌದೆಂದು ಬರೆಯುತ್ತಾರೆ. ಅಲ್ಲ. ಭೂಮಿಯು ಪುಸ್ತಕವನ್ನು ಸೆಳೆಯುವ ಬಲಕ್ಕೆ ಜೋಡಿಯಾದುದು ಪುಸ್ತಕವು ಭೂಮಿಯನ್ನು ಸೆಳೆಯುವ ಬಲ. ಮೇಜು ಪುಸ್ತಕವನ್ನು ಒತ್ತುವ ಬಲಕ್ಕೆ ಜೋಡಿಯಾದುದು ಪುಸ್ತಕವು ಮೇಜನ್ನು ಒತ್ತುವ ಬಲ. ಪರೀಕ್ಷಿಸಬೇಕೆ? ಮೇಜನ್ನು ಪುಸ್ತಕದೊಡನೆ ಒಂದು ಲಿಫ್ಟಿನಲ್ಲಿಟ್ಟು ಮೇಲಕ್ಕೆ ಹೊರಡಿಸಿರಿ. ವೇಗ ಏರುತ್ತಿರುವಷ್ಟು ಹೊತ್ತು ಮೇಜಿನ ಒತ್ತು ಪುಸ್ತಕದ ತೂಕಕ್ಕಿಂತ ಹೆಚ್ಚಾಗಿರುತ್ತದೆ. ಆ ಸಮಾನತೆ ಮುರಿಯಿತು. ಆದರೆ ನಿಜವಾದ ಜೋಡಿಗಳು ಆಗಲೂ ಸಮಾನವಾಗಿಯೇ ಉಳಿಯುತ್ತವೆ. ಮೊದಲಿನ ಸಮಾನತೆ ಸಂದರ್ಭದಿಂದ ಬಂದದ್ದು. ಜೋಡಿಗಳ ಸಮಾನತೆ ನಿಯಮದಿಂದ ಬಂದದ್ದು.

ಇಂಗ್ಲಿಷಿನ ಇಂಥ ಶಬ್ದಗಳನ್ನು ಕಂಠಪಾಠ ಮಾಡುವುದರಿಂದ ಪ್ರಯೋಜನ ಕಡಿಮೆ. ಶಬ್ದ ಎದುರಾದಾಗಲೆಲ್ಲ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಹಾಕಿಕೊಂಡರೆ ಸಾಕು: ಇವು ಯಾವುದರಲ್ಲಿ ಹೋಲುತ್ತವೆ? ಇವನ್ನು ಕೂಡಿಸಿರುವ ಕೊಂಡಿ ಯಾವುದು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ವಿದ್ಯಾರ್ಥಿಗೆ ಇಂಗ್ಲಿಷ್ ಇನ್ನೂ ಅಪರಿಚಿತವಾಗಿದ್ದರೂ ಭೌತಶಾಸ್ತ್ರ ಅಪರಿಚಿತವಾಗಿ ಉಳಿಯದು.