ಉಬುಂಟುವಿನಲ್ಲಿ ದೋಷಶೋಧನೆ ಮತ್ತು ತಂತ್ರಾಂಶ ನಿವಾರಣೆ

ಯಂತ್ರವು ಮನುಷ್ಯನ ಕೈಯ ಸಾಧನ. ಆದರೆ ಅದರ ರೀತಿನೀತಿಗಳನ್ನು ಅರಿಯದವನಿಗೆ ಅದೇ ಯಜಮಾನನಾಗಿ ಕೂರುವುದುಂಟು. ಈ ಮಾತು ಗಣಕಯಂತ್ರಕ್ಕೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು. ನಮ್ಮಲ್ಲಿ ಬಹುಮಂದಿ ವಿಂಡೋಸ್ ಎಂಬ ಒಂದೇ ವ್ಯವಸ್ಥೆಯನ್ನು ಕಂಡವರು. ಅದನ್ನೂ ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು ಕಂಡವರು. ಅಂಥವರು ನಮ್ಮ ಗಣಕ ಕೊಠಡಿಯ ಉಬುಂಟು ಪರದೆಯ ಮುಂದೆ ಕುಳಿತಾಗ ತಬ್ಬಿಬ್ಬಾಗುವುದು ಸಹಜ. ಈ ವ್ಯವಸ್ಥೆಯಲ್ಲಿ ತೊಂದರೆಯ ಮೂಲವನ್ನು ಅರಸುವುದು ಹೇಗೆ, ಬೇಡವಾದ ತಂತ್ರಾಂಶವನ್ನು ಅಪಾಯವಿಲ್ಲದೆ ತೆಗೆಯುವುದು ಹೇಗೆ ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಈ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಯಲ್ಲಿ ಗಣಕವಿಲ್ಲದ ನನ್ನಂಥವರ ಪಾಲಿಗೆ, ಕೊಠಡಿಯ ಒಂದು ಯಂತ್ರ ‘ಕೆಟ್ಟಿದೆ’ ಎಂಬ ಚೀಟಿ ಹೊತ್ತು ಮುಸುಕು ಹಾಕಿಕೊಂಡಿತೆಂದರೆ ಅಷ್ಟರಮಟ್ಟಿಗೆ ವಿದ್ಯೆಯ ಬಾಗಿಲು ಮುಚ್ಚಿದಂತೆಯೇ. ಹಾಗೆ ಮುಸುಕು ಹಾಕಿಸಿಕೊಳ್ಳುವ ಯಂತ್ರಗಳಲ್ಲಿ ನಿಜವಾಗಿ ಕೆಟ್ಟಿರುವುವು ಎಷ್ಟು ಎಂಬುದು ವಿಚಾರಾರ್ಹ.

ವ್ಯವಸ್ಥೆಯ ಸ್ವರೂಪ

ಉಬುಂಟುವಿನ ತಿರುಳು ಲಿನಕ್ಸ್. ಇದನ್ನು 1991ರಲ್ಲಿ ಬರೆಯತೊಡಗಿದವರು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್. 1993ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯನ್ ಮರ್ಡಾಕ್ ಡೆಬಿಯನ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಆಗ ಅವರ ವಯಸ್ಸು 20. ಈ ಡೆಬಿಯನ್‌ನ ಆಧಾರದ ಮೇಲೆ 2004ರಲ್ಲಿ ಉಬುಂಟು ಹೊರಬಂದಿತು. ಹೀಗೆ ನಾವು ಅಂಜುವ ಈ ವ್ಯವಸ್ಥೆಯ ಬೇರು ನಮ್ಮ ವಯಸ್ಸಿನ ವಿದ್ಯಾರ್ಥಿಗಳ ಕೆಲಸದಲ್ಲಿದೆ ಎಂಬುದು ಗಮನಿಸತಕ್ಕ ಸಂಗತಿ.

ವಿಂಡೋಸಿಗೂ ಇದಕ್ಕೂ ಇರುವ ಮುಖ್ಯ ಭೇದವನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ತಂತ್ರಾಂಶವೂ ತನ್ನ ಸ್ಥಾಪಕವನ್ನೂ ತನ್ನನ್ನು ತೆಗೆಯುವ ಸಾಧನವನ್ನೂ ತಾನೇ ಹೊತ್ತು ತರುತ್ತದೆ. ಇಲ್ಲಿ ಹಾಗಲ್ಲ. ಬಹುಪಾಲು ತಂತ್ರಾಂಶಗಳು ಒಂದು ಭಂಡಾರದಿಂದ ‘ಪ್ಯಾಕೇಜ್’ ಎಂಬ ಕಟ್ಟುಗಳಾಗಿ ಬರುತ್ತವೆ. ಅವನ್ನು ತರಿಸುವ ಕೆಲಸ ‘ಆಪ್ಟ್’ ಎಂಬುದರದು. ಬಿಚ್ಚಿ ಜೋಡಿಸಿ, ಯಾವ ಕಡತ ಯಾವ ಕಟ್ಟಿಗೆ ಸೇರಿದ್ದೆಂದು ಲೆಕ್ಕವಿಡುವ ಕೆಲಸ ‘ಡಿಪಿಕೆಜಿ’ ಎಂಬುದರದು. ಗ್ರಂಥಾಲಯದ ದಾಖಲೆ ಪುಸ್ತಕವನ್ನು ನೆನೆದರೆ ಇದು ಸ್ಪಷ್ಟವಾದೀತು. ಪುಸ್ತಕವನ್ನು ಕಪಾಟಿನಿಂದ ಸುಮ್ಮನೆ ಎತ್ತಿಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ಆದುದರಿಂದ ತಂತ್ರಾಂಶದ ಕಡತಗಳನ್ನು ಕೈಯಿಂದ ಅಳಿಸುವುದು ಇಲ್ಲಿ ಸರಿಯಾದ ಮಾರ್ಗವಲ್ಲ.

ದೋಷಶೋಧನೆ

ಮೊದಲನೆಯ ನಿಯಮ, ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದುವುದು. ಕಳೆದ ವರ್ಷ ನಮ್ಮ ಕೊಠಡಿಯ ಒಂದು ಯಂತ್ರದಲ್ಲಿ ತಂತ್ರಾಂಶವೊಂದರ ಸ್ಥಾಪನೆ ನಡೆಯುತ್ತಿರುವಾಗಲೇ ವಿದ್ಯುತ್ತು ಹೋಯಿತು. ಅಂದಿನಿಂದ ಅದರಲ್ಲಿ ಏನನ್ನೂ ಹಾಕಲಾಗದು, ಏನನ್ನೂ ತೆಗೆಯಲಾಗದು ಎಂಬಂತಾಯಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದೇ ದಾರಿ ಎಂಬ ಸಲಹೆಯೂ ಬಂದಿತು. ಆದರೆ ಸಹಪಾಠಿಯೊಬ್ಬಳು ತನ್ನ ಅಜ್ಜಿಯಿಂದ ಕೇಳಿ ಟೈಪು ಮಾಡಿದ್ದ ಬೀಸುವ ಪದಗಳೆಲ್ಲ ಅದರಲ್ಲಿಯೇ ಇದ್ದವು. ಬೇರೆ ಪ್ರತಿ ಇರಲಿಲ್ಲ. ಕಂಟ್ರೋಲ್, ಆಲ್ಟ್, ಟಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆದು ನೋಡಿದೆವು. ಡಿಪಿಕೆಜಿಯ ಕೆಲಸ ನಡುವೆ ನಿಂತಿದೆ, ‘ಸುಡೊ ಡಿಪಿಕೆಜಿ ಕಾನ್ಫಿಗರ್’ ಆಜ್ಞೆಯನ್ನು ಕೊಟ್ಟು ಅದನ್ನು ಪೂರ್ಣಗೊಳಿಸಿ ಎಂದು ಯಂತ್ರವೇ ಇಂಗ್ಲಿಷಿನಲ್ಲಿ ತಿಳಿಸುತ್ತಿತ್ತು! ಮೊದಲು ಪದಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆವು. ಬಳಿಕ ಅಧ್ಯಾಪಕರು ಗುಪ್ತಪದ ಕೊಟ್ಟು ಆ ಆಜ್ಞೆಯನ್ನು ನಡೆಸಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಯಿತು. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳಬೇಕಾಗಿರಲಿಲ್ಲ.

ಎರಡನೆಯದು, ಕಾಯುವುದನ್ನು ಕಲಿಯುವುದು. ‘ಲಾಕ್’ ದೊರೆಯಲಿಲ್ಲ ಎಂಬ ಸಂದೇಶ ಬಂದರೆ ಬೇರೊಂದು ಕೆಲಸ ಅದೇ ಲೆಕ್ಕದ ಪುಸ್ತಕವನ್ನು ಹಿಡಿದಿದೆ ಎಂದರ್ಥ. ಅನೇಕ ವೇಳೆ ಉಬುಂಟು ತಾನಾಗಿಯೇ ಸುರಕ್ಷತೆಯ ಪರಿಷ್ಕರಣೆಗಳನ್ನು ತರಿಸಿಕೊಳ್ಳುತ್ತಿರುತ್ತದೆ. ಆಗ ಬೀಗದ ಕಡತವನ್ನು ಅಳಿಸುವುದಾಗಲಿ ಯಂತ್ರವನ್ನು ಥಟ್ಟನೆ ಆರಿಸುವುದಾಗಲಿ ಕೂಡದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಮೂರನೆಯದು, ದೋಷ ತಂತ್ರಾಂಶದಲ್ಲಿದೆಯೋ ನಮ್ಮ ವೈಯಕ್ತಿಕ ಏರ್ಪಾಡಿನಲ್ಲಿದೆಯೋ ಎಂದು ಬೇರ್ಪಡಿಸುವುದು. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಲಿಬ್ರೆಆಫೀಸ್ ತೆರೆಯದಿದ್ದರೆ ಬೇರೊಬ್ಬರ ಖಾತೆಯಿಂದ ಅದೇ ಯಂತ್ರದಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದರೆ ದೋಷ ನಮ್ಮ ಖಾತೆಯ ಏರ್ಪಾಡಿನಲ್ಲಿದೆ; ಅಲ್ಲಿಯೂ ತೆರೆಯದಿದ್ದರೆ ತಂತ್ರಾಂಶವನ್ನು ಸಂದೇಹಿಸಬಹುದು. ಏರ್ಪಾಡಿನ ದೋಷಕ್ಕೆ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದರೆ ಫಲವಿಲ್ಲ. ಏಕೆಂದರೆ ಆ ಏರ್ಪಾಡು ಬಳಕೆದಾರನ ‘ಹೋಮ್’ ಕೋಶದಲ್ಲಿ ಅಡಗಿರುತ್ತದೆ. ಆಪ್ಟ್ ಅದನ್ನು ಮುಟ್ಟುವುದೇ ಇಲ್ಲ. ಆ ಅಡಗಿದ ಕೋಶದ ಹೆಸರನ್ನು ಬದಲಿಸಿ ಮತ್ತೆ ತೆರೆದರೆ ತಂತ್ರಾಂಶ ಹೊಸ ಏರ್ಪಾಡನ್ನು ಸೃಷ್ಟಿಸಿಕೊಳ್ಳುತ್ತದೆ.

ತೆಗೆಯುವ ಕ್ರಮ

ತಂತ್ರಾಂಶ ನಿಜವಾಗಿ ಬೇಡವೆಂದು ನಿಶ್ಚಯವಾದ ಮೇಲೆ ತೆಗೆಯುವ ಮಾತು. ಇದಕ್ಕೆ ಮೂರು ಆಜ್ಞೆಗಳಿವೆ. ‘ಆಪ್ಟ್ ರಿಮೂವ್’ ತಂತ್ರಾಂಶವನ್ನು ತೆಗೆದು, ಇಡೀ ಯಂತ್ರಕ್ಕೆ ಅನ್ವಯಿಸುವ ಅದರ ಏರ್ಪಾಡಿನ ಕಡತಗಳನ್ನು ಉಳಿಸುತ್ತದೆ. ಮುಂದೆ ಮತ್ತೆ ಬೇಕಾಗುವ ಸಂಭವವಿದ್ದರೆ ಇದೇ ಸಾಕು. ‘ಆಪ್ಟ್ ಪರ್ಜ್’ ಆ ಕಡತಗಳನ್ನೂ ತೆಗೆಯುತ್ತದೆ. ‘ಆಪ್ಟ್ ಆಟೊರಿಮೂವ್’ ಆ ತಂತ್ರಾಂಶಕ್ಕೆ ಬೆಂಬಲವಾಗಿ ತಾವಾಗಿ ಬಂದು, ಈಗ ಯಾರಿಗೂ ಬೇಡವಾದ ಕಟ್ಟುಗಳನ್ನು ಹೊರಹಾಕುತ್ತದೆ.

ಕೆಲವು ತಂತ್ರಾಂಶಗಳು ಆಪ್ಟ್‌ನ ಲೆಕ್ಕದಲ್ಲಿ ಸಿಗವು. ಅವು ‘ಸ್ನ್ಯಾಪ್’ ಎಂಬ ಬೇರೆ ಪದ್ಧತಿಯಿಂದ ಬಂದಿರಬಹುದು. ‘ಸ್ನ್ಯಾಪ್ ಲಿಸ್ಟ್’ ಎಂದರೆ ಅವುಗಳ ಪಟ್ಟಿ ಬರುತ್ತದೆ. ‘ಸ್ನ್ಯಾಪ್ ರಿಮೂವ್’ ಎಂದು ತೆಗೆಯಬಹುದು. ತೆಗೆಯುವಾಗ ಸ್ನ್ಯಾಪ್ ಆ ತಂತ್ರಾಂಶದ ದತ್ತಾಂಶದ ಪ್ರತಿಯೊಂದನ್ನು ಸಾಮಾನ್ಯವಾಗಿ 31 ದಿನ ಕಾಪಾಡಿಕೊಂಡಿರುತ್ತದೆ. ತೆಗೆದ ಕೂಡಲೇ ಡಿಸ್ಕಿನಲ್ಲಿ ನಿರೀಕ್ಷಿಸಿದಷ್ಟು ಜಾಗ ಬಿಡುವಾಗದಿದ್ದರೆ ಇದೂ ಒಂದು ಕಾರಣವಾಗಿರಬಹುದು.

ಒಂದು ಎಚ್ಚರಿಕೆ

ಕಟ್ಟುಗಳು ಒಂದನ್ನೊಂದು ಆಶ್ರಯಿಸಿರುತ್ತವೆ. ಒಂದು ಕಂಬವನ್ನು ಕಿತ್ತರೆ ಅದನ್ನು ನಂಬಿದ ಛಾವಣಿಯೂ ಬೀಳುತ್ತದೆ. ಪೈಥಾನ್ 3 ನಮಗೇಕೆಂದು ಅದನ್ನು ತೆಗೆಯಹೊರಟರೆ ಉಬುಂಟುವಿನ ಡೆಸ್ಕ್‌ಟಾಪಿನ ಅನೇಕ ಭಾಗಗಳು ಅದರೊಡನೆಯೇ ಹೊರಡುತ್ತವೆ. ಆದುದರಿಂದಲೇ ಕೆಲಸಕ್ಕೆ ಕೈಹಾಕುವ ಮೊದಲು ತಾನು ತೆಗೆಯಲಿರುವ ಕಟ್ಟುಗಳ ಪಟ್ಟಿಯನ್ನು ಆಪ್ಟ್ ತೋರಿಸಿ ಒಪ್ಪಿಗೆ ಕೇಳುತ್ತದೆ.

2021ರಲ್ಲಿ ಕೆನಡಾದ ವಿಡಿಯೊ ನಿರೂಪಕ ಲೈನಸ್ ಸೆಬಾಸ್ಟಿಯನ್ ಅವರು ಉಬುಂಟುವಿನಿಂದ ಹುಟ್ಟಿದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶವನ್ನು ಹಾಕಲು ಹೊರಟರು. ಅಂದು ಕಟ್ಟುಗಳಲ್ಲಿದ್ದ ದೋಷದ ದೆಸೆಯಿಂದ, ಇದಕ್ಕಾಗಿ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುವುದೆಂದು ಆಪ್ಟ್ ಎಚ್ಚರಿಸಿತು. ‘ಹೌದು, ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಟೈಪು ಮಾಡಿದರೆ ಮಾತ್ರ ಮುಂದುವರಿಯುವೆನೆಂದಿತು. ಅವರು ಟೈಪು ಮಾಡಿದರು, ಡೆಸ್ಕ್‌ಟಾಪ್ ಮಾಯವಾಯಿತು. ಬಳಿಕ ಇಂಥ ಅನಾಹುತ ಸುಲಭವಾಗಿ ಜರುಗದಂತೆ ಆಪ್ಟ್ ಅನ್ನೇ ತಿದ್ದಲಾಯಿತು. ಅನುಭವಸ್ಥರಿಗೇ ಹೀಗಾಗುವುದಾದರೆ ನಾವು ಪಟ್ಟಿಯನ್ನು ಎಷ್ಟು ಎಚ್ಚರಿಕೆಯಿಂದ ಓದಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂಶಯವಿದ್ದಲ್ಲಿ ಆಜ್ಞೆಯೊಡನೆ ‘ಸಿಮ್ಯುಲೇಟ್’ ಎಂಬ ಸೂಚನೆಯನ್ನು ಸೇರಿಸಿದರೆ, ಏನನ್ನೂ ತೆಗೆಯದೆ ಏನಾಗುವುದೆಂದು ಮಾತ್ರ ತೋರಿಸುತ್ತದೆ.

ಮೇಲೆ ಹೇಳಿದ ಕ್ರಮದಲ್ಲಿ ಪವಾಡವೇನೂ ಇಲ್ಲ. ಬೇಕಾದುದನ್ನು ಮೊದಲು ನಕಲು ಮಾಡಿಕೊಳ್ಳುವುದು, ಸಂದೇಶವನ್ನು ಓದುವುದು, ದೋಷದ ನೆಲೆಯನ್ನು ಅರಿಯುವುದು, ಪಟ್ಟಿಯನ್ನು ನೋಡಿ ಒಪ್ಪಿಗೆ ಕೊಡುವುದು ಇಷ್ಟೆ. ಇದಕ್ಕೆ ವಿಜ್ಞಾನದ ಪದವಿ ಬೇಡ. ಶಾಸನದ ಒಂದೊಂದು ಸಾಲನ್ನೂ ಬಿಡದೆ ಓದುವ ಇತಿಹಾಸದ ವಿದ್ಯಾರ್ಥಿಯ ತಾಳ್ಮೆ ಸಾಕು. ಮುಂದಿನ ವರ್ಷ ಈ ಕೊಠಡಿಗೆ ಬರುವ ಕಿರಿಯ ಮಿತ್ರರು ಯಂತ್ರಕ್ಕೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸುವ ಮುನ್ನ ಅದು ಏನು ಹೇಳುತ್ತಿದೆ ಎಂಬುದನ್ನು ಒಮ್ಮೆ ಓದಿ ನೋಡಲಿ.